ಇಂಗ್ಲೆಂಡಿನ ಬೇಸಿಗೆ, ಎರಡೂವರೆ ಗುಂಟೆ ಜಾಗ, ನಮ್ಮ ಸಾರು

ನನ್ನ ಹತ್ತಿರ ಅಲಾಟ್‌ಮೆಂಟ್, ಅಂದರೆ ಬಾಡಿಗೆಗೆ ಪಡೆದ ತರಕಾರಿ ತೋಟ, ಇದೆ ಅಂತ ಗೊತ್ತಾದ ತಕ್ಷಣ ಇಲ್ಲಿನ ಕನ್ನಡಿಗರು ಕೇಳುವ ಮೊದಲ ಪ್ರಶ್ನೆ ಒಂದೇ. ಅವರೆಕಾಯಿ ಬೆಳೀಬಹುದಾ? ಈ ಸಲವೂ ಮೇ ತಿಂಗಳಿಂದ ಕೇಳುತ್ತಲೇ ಇದ್ದಾರೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ.

ಬಳ್ಳಿ ಬೆಳೆಯುತ್ತದೆ. ಚೆನ್ನಾಗಿಯೇ ಹಬ್ಬುತ್ತದೆ. ಕಾಯಿ ಸಿಗುವುದಿಲ್ಲ. ನಮ್ಮ ನಾಟಿ ಅವರೆ ಹಗಲು ಚಿಕ್ಕದಾಗುವುದನ್ನು ಕಾದು ಹೂ ಬಿಡುವ ಗಿಡ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಮಳೆಗಾಲಕ್ಕೆ ಬಿತ್ತಿದ್ದು ತಿಂಗಳುಗಟ್ಟಲೆ ಸುಮ್ನೆ ಎಲೆ ಬಿಟ್ಟುಕೊಂಡಿದ್ದು, ಚಳಿಗಾಲ ಬರುವ ಹೊತ್ತಿಗೆ ಹೂವಾಗಿ, ಡಿಸೆಂಬರ್ ಜನವರಿಯಲ್ಲಿ ಸೊಗಡು ತುಂಬಿದ ಕಾಯಿ ಕೊಡುತ್ತದೆ. ನಾನಿರುವ ಬರ್ಮಿಂಗ್‌ಹ್ಯಾಮ್‌ನಲ್ಲಿ ಜೂನ್ 21ರ ಸುಮಾರಿಗೆ ಹಗಲು 16 ಮುಕ್ಕಾಲು ಗಂಟೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು ಕೂಡ 13 ಗಂಟೆ ಮುಟ್ಟುವುದಿಲ್ಲ. ಇಲ್ಲಿ ಹಗಲು 12 ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ. ಆಗ ಅವರೆ ಬಳ್ಳಿಗೆ ಹೂವಿನ ಯೋಚನೆ ಬರುವಷ್ಟರಲ್ಲಿ ರಾತ್ರಿಗಳು ತಣ್ಣಗಾಗಿರುತ್ತವೆ. ಸ್ವಲ್ಪ ದಿನಕ್ಕೇ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿದ ಇಬ್ಬನಿ, ಬೀಳುತ್ತದೆ, ಬಳ್ಳಿ ಕಪ್ಪಾಗಿ ಸತ್ತುಹೋಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ 3 ಮತ್ತು 4 ಅಂತ ತಳಿಗಳನ್ನು ಮಾಡಿದ್ದಾರಲ್ಲ, ಅವು ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ಊರಿನ ಮಾರುಕಟ್ಟೆಯಲ್ಲಿ ಈಗ ಕಾಲವಲ್ಲದ ಕಾಲದಲ್ಲೂ ಅವರೆಕಾಯಿ ಸಿಗೋದು ಇಂಥ ತಳಿಗಳಿಂದ. ಆದರೆ ಅವಕ್ಕೂ ಬೆಚ್ಚಗಿನ ರಾತ್ರಿ ಬೇಕು. ಪಾಲಿಟನಲ್, ಅಂದರೆ ಪ್ಲಾಸ್ಟಿಕ್ ಹೊದಿಸಿದ ಕಮಾನಿನ ಗಿಡಮನೆ, ಇದ್ದವರು ನೋಡಬಹುದು, ಬಯಲಲ್ಲಿ ಬೇಡ.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯವೂ ಇದೇ. ನಮಗೆ ಬೇಸಿಗೆ ಅಂದರೆ ಬಿಸಿಲು, ಸೆಕೆ, ಒಣಗಿದ ಕೆರೆ. ಇಲ್ಲಿನ ಬೇಸಿಗೆಯಲ್ಲಿ ಸೆಕೆ ಕಡಿಮೆ, ಬೆಳಕು ಜಾಸ್ತಿ. ಜುಲೈ ತಿಂಗಳಲ್ಲಿ ಮಧ್ಯಾಹ್ನ 21, 22 ಡಿಗ್ರಿ ಇದ್ದರೆ ಅದೇ ಸಾಮಾನ್ಯ. ಆದರೆ ಬೆಳಗ್ಗೆ ಐದಕ್ಕೆ ಮುಂಚೆ ಬೆಳಕಾಗುತ್ತದೆ, ರಾತ್ರಿ ಒಂಬತ್ತೂವರೆಗೆ ಸೂರ್ಯ ಮುಳುಗುತ್ತದೆ. ಗಿಡಗಳು ಅಷ್ಟು ಹೊತ್ತೂ ಊಟ ಮಾಡುತ್ತಲೇ ಇರುತ್ತವೆ. ತಂಪು ಮತ್ತು ಉದ್ದನೆಯ ಬೆಳಕು, ಇವೆರಡೂ ಹಿಡಿಸುವ ಬೆಳೆಯನ್ನು ಹಾಕಿದರೆ ಇಲ್ಲಿನ ಮಣ್ಣು ಕೈತುಂಬ ಕೊಡುತ್ತದೆ. ಊರಿನ ತರಕಾರಿಯನ್ನೇ ಬೆಳೆಯಬೇಕು ಅಂತ ಹಠ ಹಿಡಿದವರು ಒಂದೆರಡು ವರ್ಷಕ್ಕೇ ಬೇಸತ್ತು ತೋಟದ ಬೀಗದ ಕೈ ವಾಪಸ್ ಕೊಡುವುದನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಇಲ್ಲಿನದನ್ನು ಬೆಳೆಯಿರಿ, ನಮ್ಮ ರೀತಿ ಅಡುಗೆ ಮಾಡಿ. ಅಷ್ಟು ಮಾಡಿದರೆ ತೋಟವೂ ನಿಮ್ಮದು, ಊಟವೂ ನಿಮ್ಮದು.

ಊರಲ್ಲಿ ಕೂತು ಓದುವವರಿಗಾಗಿ ಅಲಾಟ್‌ಮೆಂಟ್ ಅಂದರೇನು ಅಂತ ಸ್ವಲ್ಪ. ಊರಿನ ಅಂಚಿನಲ್ಲೋ, ರೈಲು ಹಳಿಯ ಪಕ್ಕದಲ್ಲೋ ದೊಡ್ಡ ಜಾಗವನ್ನು ತುಂಡು ತುಂಡು ಮಾಡಿ, ಜನರಿಗೆ ತರಕಾರಿ ಹಣ್ಣು ಬೆಳೆದುಕೊಳ್ಳಲು ವರ್ಷದ ಬಾಡಿಗೆಗೆ ಕೊಡುತ್ತಾರೆ. ಜಾಗ ಸಾಮಾನ್ಯವಾಗಿ ಕೌನ್ಸಿಲ್‌ನದು, ಅಂದರೆ ಸ್ಥಳೀಯ ಆಡಳಿತದ್ದು. ಪೂರ್ತಿ ಪ್ಲಾಟ್ ಅಂದರೆ ಹಳೆಯ ಅಳತೆಯಲ್ಲಿ 10 ರಾಡ್. ಅದು ಎಕರೆಯ ಹದಿನಾರನೇ ಒಂದು ಭಾಗ, ಅಂದರೆ ನಮ್ಮ ಲೆಕ್ಕದಲ್ಲಿ ಸರಿಯಾಗಿ ಎರಡೂವರೆ ಗುಂಟೆ. ಅರ್ಧ ಪ್ಲಾಟ್ ಒಂದೂಕಾಲು ಗುಂಟೆ. ಬೆಳೆದಿದ್ದನ್ನು ಮನೆಗೆ ಬಳಸಬೇಕು, ವ್ಯಾಪಾರಕ್ಕಲ್ಲ. 1922ರ ಕಾನೂನು ಅಲಾಟ್‌ಮೆಂಟ್ ತೋಟ ಅಂದರೆ ಏನು ಅಂತ ಹೇಳುವಾಗಲೇ ತನಗೂ ತನ್ನ ಕುಟುಂಬಕ್ಕೂ ಬೇಕಾದ ತರಕಾರಿ ಹಣ್ಣು ಬೆಳೆಯುವ ಜಾಗ ಅನ್ನುತ್ತದೆ. 

ಇದರ ಹಿಂದೆ ದೊಡ್ಡ ಕಥೆಯೇ ಇದೆ. ಹಳ್ಳಿಯವರೆಲ್ಲ ಸೇರಿ ಬಳಸುತ್ತಿದ್ದ ಗೋಮಾಳದಂಥ ಜಾಗಗಳಿಗೆ 18, 19ನೇ ಶತಮಾನದಲ್ಲಿ ಬೇಲಿ ಬಿತ್ತು. ಬಡವರಿಗೆ ಆಲೂಗೆಡ್ಡೆ ಹಾಕಿಕೊಳ್ಳಲೂ ನೆಲ ಇಲ್ಲದ ಹಾಗಾಯಿತು. ಆಮೇಲೆ ಬಹಳ ಒತ್ತಾಯ ಬಂದು ಒಂದೊಂದಾಗಿ ಕಾನೂನುಗಳಾದವು, 1908ರ ಕಾನೂನಿನಲ್ಲಿ ಬೇಡಿಕೆ ಇದ್ದ ಕಡೆ ಜಾಗ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯ ಅಂತಾಯಿತು. ಆರು ಜನ ಮತದಾರರು ಸೇರಿ ಬರೆದುಕೊಟ್ಟರೆ ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ಹಡಗಿನಲ್ಲಿ ಆಹಾರ ಬರುವುದು ಕಷ್ಟವಾದಾಗ ಸರ್ಕಾರವೇ ಅಗೆಯಿರಿ ಅಗೆಯಿರಿ ಅಂತ ಪ್ರಚಾರ ಮಾಡಿ, ದೇಶದಲ್ಲಿ ಸುಮಾರು 14 ಲಕ್ಷ ಪ್ಲಾಟುಗಳಾಗಿದ್ದವು. ಈಗ ಅದರಲ್ಲಿ ಸಣ್ಣ ಪಾಲು ಮಾತ್ರ ಉಳಿದಿದೆ. ಬರ್ಮಿಂಗ್‌ಹ್ಯಾಮ್ ಈ ವಿಷಯದಲ್ಲಿ ಪುಣ್ಯವಂತ ಊರು, ನಗರದ ತುಂಬ ನೂರಕ್ಕೂ ಜಾಸ್ತಿ ಕಡೆ ಇಂಥ ತೋಟಗಳಿವೆ. ಎಜ್‌ಬಾಸ್ಟನ್‌ನಲ್ಲಿ 'ಗಿನಿ ತೋಟ' ಅಂತ ಕರೆಯುತ್ತಿದ್ದ, ವರ್ಷಕ್ಕೆ ಒಂದು ಗಿನಿ (ಹಳೆಯ ಬ್ರಿಟಿಷ್ ನಾಣ್ಯ) ಬಾಡಿಗೆಯ ಹಳೆಯ ಕಾಲದ ತೋಟಗಳ ಒಂದು ಭಾಗ ಇನ್ನೂ ಉಳಿದಿದೆ. ಈ ಕಡೆ ಬಂದರೆ ಖಂಡಿತ ನೋಡಿ.

ಸರಿ, ಈಗ ಅವರೆಗೆ ಬದಲು ಏನು? ಬ್ರಾಡ್ ಬೀನ್ಸ್.

ಇದನ್ನು ನಮ್ಮವರು ಜಾಸ್ತಿ ಬೆಳೆಯುವುದಿಲ್ಲ, ಯಾಕೋ ಗೊತ್ತಿಲ್ಲ. ಅಂಗಡಿಯಲ್ಲಿ ಸಿಗುವ ಬಲಿತ, ಹಿಟ್ಟುಹಿಟ್ಟಾದ ಕಾಳು ತಿಂದು ಬೇಡ ಅಂದಿರಬಹುದು. ತೋಟದಿಂದ ಕಿತ್ತು ಒಂದು ಗಂಟೆಯೊಳಗೆ ಬಿಡಿಸಿದ ಎಳೆ ಕಾಳಿನ ರುಚಿಯೇ ಬೇರೆ. ಅಕ್ವಾಡಲ್ಸ್ ಕ್ಲಾಡಿಯಾ ಅನ್ನುವ ತಳಿಯನ್ನು ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ ಬಿತ್ತಿದರೆ ಬೆರಳುದ್ದ ಬೆಳೆದು ಚಳಿಗಾಲವನ್ನು ನೆಲದಲ್ಲೇ ಕಳೆಯುತ್ತದೆ. ಹಿಮ ಬಿದ್ದರೂ ಸಾಯುವುದಿಲ್ಲ. ಏಪ್ರಿಲ್‌ನಲ್ಲಿ ಬಿಳಿಯ ಮೇಲೆ ಕಪ್ಪು ಬೊಟ್ಟಿನ ಹೂ ಬಿಡುತ್ತದೆ, ಇಡೀ ಪಾತಿ ಘಮ್ ಅನ್ನುತ್ತದೆ. ಜೂನ್ ಮೊದಲ ವಾರಕ್ಕೆ ಕಾಯಿ ಸಿದ್ಧ. ಒಂದೇ ಕಾಟ ಕಪ್ಪು ಗಿಡಹೇನು. ಅದು ಎಳೆ ಕುಡಿಗೇ ಮೊದಲು ಬರುವುದು, ಹಾಗಾಗಿ ಕೆಳಗೆ ಕಾಯಿ ಕಟ್ಟುತ್ತಿದ್ದ ಹಾಗೆ ತುದಿಯ ಕುಡಿಗಳನ್ನು ಚಿವುಟಿಬಿಡಿ. ಚಿವುಟಿದ ಕುಡಿ ಬಿಸಾಡಬೇಡಿ, ಹೇನು ಹತ್ತಿಲ್ಲದಿದ್ದರೆ ಸೊಪ್ಪಿನ ಪಲ್ಯ ಆಗುತ್ತದೆ.

ಬ್ರಾಡ್ ಬೀನ್ಸಿನ ಕಾಳಿನ ಮೇಲೆ ಇನ್ನೊಂದು ಸಿಪ್ಪೆ ಇರುತ್ತದೆ. ರಾತ್ರಿ ನೆನೆಸುವುದೂ ಬೇಡ, ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ ತಣ್ಣೀರಿಗೆ ತೆಗೆದು ಹಿತಕಿದರೆ ಪುಳಕ್ಕನೆ ಹಸಿರು ಬೇಳೆ ಹೊರಗೆ ಬರುತ್ತದೆ. ಹಿತಕಿದ ಬೇಳೆ ಸಾರು ಮಾಡಿದವರಿಗೆ ಈ ಕೆಲಸ ಹೇಳಿಕೊಡಬೇಕಾ? ಮಸಾಲೆ ಅದೇ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಧನಿಯ, ಗಸಗಸೆ, ತೆಂಗಿನಕಾಯಿ, ಚೂರು ಚಕ್ಕೆ ಲವಂಗ. ಅವರೆಯ ಸೊಗಡು ಇದಕ್ಕಿಲ್ಲ, ಒಪ್ಪುತ್ತೇನೆ. ಆದರೆ ಇದರದೇ ಒಂದು ಸಿಹಿ ಕಂಪು ಇದೆ, ಮುದ್ದೆಯ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ. ನಮ್ಮ ಮನೆಯಲ್ಲಿ ಜೂನ್ ತಿಂಗಳ ಸಾರು ಇದು. ಒಂದು ಎಚ್ಚರಿಕೆ, ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರು ಈ ಕಾಳನ್ನು ಮುಟ್ಟಬಾರದು. ಅಂಥವರಲ್ಲಿ ಕೆಂಪು ರಕ್ತಕಣಗಳು ಒಡೆದು ಅಪಾಯವಾಗುತ್ತದೆ.

ಬ್ರಾಡ್ ಬೀನ್ಸ್ ಮುಗಿಯುವ ಹೊತ್ತಿಗೆ ರನ್ನರ್ ಬೀನ್ಸ್ ಚಪ್ಪರ ಏರಿರುತ್ತದೆ. ಇಂಗ್ಲಿಷರ ಅಲಾಟ್‌ಮೆಂಟಿನಲ್ಲಿ ಇದಿಲ್ಲದ ಪ್ಲಾಟ್ ಸಿಗುವುದೇ ಕಷ್ಟ. ಎಂಟಡಿ ಬಿದಿರು ಕೋಲುಗಳನ್ನು ಎರಡು ಸಾಲು ನೆಟ್ಟು ಮೇಲೆ ಕಟ್ಟಿ, ಮೇ ಕೊನೆಯಲ್ಲಿ ಬುಡಕ್ಕೊಂದು ಸಸಿ ಇಟ್ಟರೆ ಜುಲೈಗೆ ಕೆಂಪು ಹೂವಿನ ಗೋಡೆ ಎದ್ದಿರುತ್ತದೆ. ಇದರ ಮೂಲ ಮಧ್ಯ ಅಮೆರಿಕದ ಎತ್ತರದ ಗುಡ್ಡಗಾಡು, ಅದಕ್ಕೇ ಇಲ್ಲಿನ ತಂಪು ಇದಕ್ಕೆ ಹೇಳಿ ಮಾಡಿಸಿದ್ದು. ಸೆಕೆಯೇ ಆಗುವುದಿಲ್ಲ. 2022ರ ಜುಲೈ 19ರಂದು ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಆಯಿತಲ್ಲ, ಈ ದೇಶದಲ್ಲಿ ಅಳತೆ ಇಟ್ಟಾಗಿನಿಂದ ಅಷ್ಟು ಬಿಸಿ ಯಾವತ್ತೂ ದಾಖಲಾಗಿರಲಿಲ್ಲ. ಆ ವಾರ ನಮ್ಮ ತೋಟದಲ್ಲಿ ಎಲ್ಲರ ರನ್ನರ್ ಬೀನ್ಸ್ ಹೂವೂ ನೆಲದ ಮೇಲಿತ್ತು. ರಾತ್ರಿ ತಂಪಾಗಿ, ಬೇರಿನಲ್ಲಿ ತೇವ ಇದ್ದರೆ ಮಾತ್ರ ಕಾಯಿ ಕಟ್ಟುತ್ತದೆ. ಬುಡಕ್ಕೆ ಕಳಿತ ಗೊಬ್ಬರವನ್ನೋ ಹುಲ್ಲನ್ನೋ ದಪ್ಪಗೆ ಹೊದಿಸಿ, ವಾರಕ್ಕೆ ಎರಡು ಸಲ ಚೆನ್ನಾಗಿ ನೀರು ಕುಡಿಸಿ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದು ಪ್ರಯೋಜನವಿಲ್ಲ, ಬೇರು ಮೇಲೆಯೇ ಉಳಿಯುತ್ತದೆ.

ಕೀಳುವುದರಲ್ಲಿ ಸೋಮಾರಿತನ ಬೇಡ. ಎರಡು ದಿನಕ್ಕೊಮ್ಮೆ ಎಳೆಯದಾಗಿರುವಾಗಲೇ ಕಿತ್ತರೆ ಸೆಪ್ಟೆಂಬರ್‌ವರೆಗೂ ಬಿಡುತ್ತದೆ. ಒಂದೆರಡು ಕಾಯಿ ಬಲಿಯಲು ಬಿಟ್ಟಿರೋ, ಬೀಜ ಆಯಿತು, ಕೆಲಸ ಮುಗಿಯಿತು ಅಂತ ಬಳ್ಳಿ ಹೂ ನಿಲ್ಲಿಸುತ್ತದೆ. ಎಳೆ ಕಾಯಿಯನ್ನು ನಾರು ತೆಗೆದು ಸಣ್ಣಗೆ ಹೆಚ್ಚಿ ಹುರುಳಿಕಾಯಿ ಪಲ್ಯದ ಹಾಗೆಯೇ ಮಾಡಿ. ಆದರೆ ನನಗೆ ಇಷ್ಟ ಬಸ್ಸಾರು. ರನ್ನರ್ ಬೀನ್ಸ್, ಜೊತೆಗೆ ಒಂದು ಹಿಡಿ ಚಾರ್ಡ್ ಸೊಪ್ಪು, ತೊಗರಿಬೇಳೆ ಹಾಕಿ ಬೇಯಿಸಿ ಬಸಿದು, ಬಸಿದ ನೀರಿಗೆ ಮಸಾಲೆ ರುಬ್ಬಿ ಹಾಕಿ, ಉಳಿದ ಕಾಯಿ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಒಂದೇ ಸಲಕ್ಕೆ ಸಾರೂ ಆಯಿತು ಪಲ್ಯವೂ ಆಯಿತು. ಚಾರ್ಡ್ ಅನ್ನುವುದು ಬೀಟ್‌ರೂಟಿನ ಸಂಬಂಧಿ, ಎಲೆಗಾಗಿಯೇ ಬೆಳೆಯುವುದು, ದಂಟು ಕೆಂಪು ಹಳದಿ ಬಣ್ಣದಲ್ಲೂ ಬರುತ್ತದೆ. ಏಪ್ರಿಲ್‌ನಲ್ಲಿ ಒಂದು ಸಾಲು ಬಿತ್ತಿದರೆ ಡಿಸೆಂಬರ್‌ವರೆಗೂ ಸೊಪ್ಪಿಗೆ ಯೋಚನೆಯಿಲ್ಲ.

ದಂಟಿನ ಸೊಪ್ಪು? ಅದೂ ಆಗುತ್ತದೆ! ಮೇ ಕೊನೆಯವರೆಗೆ ಕಾದು, ನೆಲ ಬೆಚ್ಚಗಾದ ಮೇಲೆ ಬಿತ್ತಿ. ನಮ್ಮ ತೋಟದಲ್ಲಿ ಮೂರು ಪ್ಲಾಟ್ ಆಚೆ ಜಮೈಕಾ ಮೂಲದ ಒಬ್ಬ ಅಜ್ಜಿ ಇದ್ದಾರೆ. ಅವರು ಕಲಾಲೂ ಅಂತ ಬೆಳೆಯುವುದು ನಮ್ಮ ದಂಟಿನ ಕುಲದ್ದೇ ಸೊಪ್ಪು. ನಾವು ಬೇಳೆ ಜೊತೆ ಮಸ್ಸೊಪ್ಪು ಮಾಡುತ್ತೇವೆ, ಅವರು ಈರುಳ್ಳಿ, ಥೈಮ್, ಖಾರದ ಮೆಣಸಿನಕಾಯಿ ಹಾಕಿ ಬಾಡಿಸುತ್ತಾರೆ, ಉಪ್ಪು ಮೀನಿನ ಜೊತೆ ತಿನ್ನುತ್ತಾರೆ. ಇಲ್ಲಿನ ಹವೆಗೆ ವರ್ಷ ವರ್ಷ ಒಗ್ಗಿದ ಅವರ ಬೀಜ ನನ್ನ ಪಾತಿಯಲ್ಲೂ ಇದೆ. ಪೇಟೆಯ ಪೊಟ್ಟಣದ ಬೀಜಕ್ಕಿಂತ ಅದು ಬೇಗ ಏಳುತ್ತದೆ, ತಡವಾಗಿ ಹೂವಾಗುತ್ತದೆ. ತೋಟದ ಹಳಬರ ಹತ್ತಿರ ಇರುವ ಬೀಜಕ್ಕೆ ಬೆಲೆ ಕಟ್ಟಲಾಗದು, ಕೇಳಿ ಪಡೆಯಿರಿ, ನೀವೂ ಕೊಡಿ.

ಬೀಜದ ಮಾತು ಬಂತು. ಊರಿಂದ ಬರುವಾಗ ಬ್ಯಾಗಿನಲ್ಲಿ ಬೀಜ ತರಬೇಡಿ. ಬಿತ್ತನೆಗೆ ತರುವ ಬೀಜಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅದಕ್ಕೆ ಕಾರಣವೂ ಇದೆ, ಬೀಜದ ಜೊತೆ ರೋಗವೂ ಪ್ರಯಾಣ ಮಾಡುತ್ತದೆ. ಮೆಂತ್ಯ, ಕೊತ್ತಂಬರಿಯನ್ನು ಊರಿಂದ ತರಬೇಕಾಗಿಯೂ ಇಲ್ಲ. ಹ್ಯಾಂಡ್ಸ್‌ವರ್ತ್‌ನ ಸೋಹೋ ರೋಡಿನ ಯಾವ ಅಂಗಡಿಯಲ್ಲಾದರೂ ಅಡುಗೆಗೆ ಮಾರುವ ಮೆಂತ್ಯದ ಕಾಳು ತಂದು ಚೆಲ್ಲಿ, ನಾಲ್ಕೈದು ವಾರಕ್ಕೆ ಕೊಯ್ಯಬಹುದು.

ನನ್ನ ಪಕ್ಕದ ಪ್ಲಾಟಿನ ಪಂಜಾಬಿ ಅಂಕಲ್ ಮೆಂತ್ಯವನ್ನು ಬೇರೆ ಬೇರೆ ವಾರ ಬಿತ್ತಿ ಇಡೀ ಬೇಸಿಗೆ ಎಳೆ ಸೊಪ್ಪು ಕೊಯ್ಯುತ್ತಾರೆ. ಅವರ ಊರು ಜಲಂಧರ್ ಪಕ್ಕ. ನನ್ನ ಊರು ಹಾಸನ ಅಂದ ಕೂಡಲೇ ಅವರಿಗೆ ಗೊತ್ತಾಯಿತು! ಯಾಕೆಂದರೆ ಹಾಸನದ ರೈತರು ಪ್ರತಿ ವರ್ಷ ಬಿತ್ತನೆ ಆಲೂಗೆಡ್ಡೆ ತರಿಸುವುದೇ ಜಲಂಧರ್‌ನಿಂದ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಯಲ್ಲಿ ಆ ಗೋಣಿಚೀಲಗಳ ಮುಂದೆ ರೈತರು ನಿಂತಿರುವುದನ್ನು ನೋಡಿ ಬೆಳೆದವರು ನಾವು. ಅವರ ಕಡೆ ಬೆಳೆದ ಬೀಜ ನಮ್ಮ ಕಡೆ ಬೆಳೆಯಾಗುತ್ತಿತ್ತು, ಈಗ ಇಬ್ಬರೂ ಬೇಲಿ ಇಲ್ಲದ ಎರಡು ಪ್ಲಾಟಿನಲ್ಲಿ ಇಂಗ್ಲಿಷ್ ಆಲೂಗೆಡ್ಡೆ ಹಾಕುತ್ತೇವೆ. ನನಗೆ ಇದು ಬಹಳ ದೊಡ್ಡ ಸಂತೋಷ.

ಆಲೂಗೆಡ್ಡೆಗೆ ಇಲ್ಲೂ ಅಲ್ಲೂ ಶತ್ರು ಒಂದೇ, ಅಂಗಮಾರಿ. ಹಾಸನದಲ್ಲಿ ಒಂದು ವಾರ ಮೋಡ ಮುಚ್ಚಿ ಜಿಟಿಜಿಟಿ ಹಿಡಿದರೆ ಹೊಲಕ್ಕೆ ಹೊಲವೇ ಸುಟ್ಟಂತಾಗುವುದನ್ನು ಕಂಡವರಿಗೆ ಆ ಹೆಸರು ಕೇಳಿದರೇ ಹೊಟ್ಟೆ ಕಿವುಚುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಬರಗಾಲ ತಂದು ಸುಮಾರು ಹತ್ತು ಲಕ್ಷ ಜನರನ್ನು ಕೊಂದದ್ದೂ ಇದೇ ರೋಗ. ಇಲ್ಲಿ ಇದು ಬರುವುದು ಸಾಮಾನ್ಯವಾಗಿ ಜುಲೈ ಮಧ್ಯದ ನಂತರ. ಸ್ಕಾಟ್ಲೆಂಡಿನ ಜೇಮ್ಸ್ ಹಟ್ಟನ್ ಇನ್‌ಸ್ಟಿಟ್ಯೂಟಿನವರು ಒಂದು ಲೆಕ್ಕ ಕೊಟ್ಟಿದ್ದಾರೆ, 2017ರಿಂದ ಬಳಕೆಯಲ್ಲಿದೆ. ಸತತ ಎರಡು ದಿನ ತಾಪ 10 ಡಿಗ್ರಿಗಿಂತ ಕೆಳಗಿಳಿಯದೆ, ಆ ಎರಡೂ ದಿನ ಕನಿಷ್ಠ 6 ಗಂಟೆ ಗಾಳಿಯ ತೇವ ಶೇಕಡ 90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಂಗಮಾರಿ ಬರುವ ಸಾಧ್ಯತೆ ಹೆಚ್ಚು. ನಿಮ್ಮ ಪ್ರದೇಶಕ್ಕೆ ಈ ಎಚ್ಚರಿಕೆ ಇಮೇಲಿನಲ್ಲಿ ಬರುವ ಹಾಗೆ ಮಾಡಿಕೊಳ್ಳಬಹುದು. ಎಚ್ಚರಿಕೆ ಬಂದ ದಿನ ಎಲೆ ನೋಡಿ. ಕಂದು ಕಲೆ, ಅದರ ಕೆಳಗೆ ಬಿಳಿ ಬೂಷ್ಟು ಕಂಡರೆ ತಡ ಮಾಡದೆ ಗಿಡವನ್ನು ನೆಲಮಟ್ಟಕ್ಕೆ ಕೊಯ್ದು ತೋಟದಿಂದ ಆಚೆ ಸಾಗಿಸಿ. ಗೆಡ್ಡೆಯನ್ನು ಎರಡು ಮೂರು ವಾರ ಹಾಗೇ ಮಣ್ಣಲ್ಲಿ ಬಿಟ್ಟು ಆಮೇಲೆ ಅಗೆಯಿರಿ, ಸಿಪ್ಪೆ ಗಟ್ಟಿಯಾಗಿರುತ್ತದೆ, ಮೇಲೆ ಬಿದ್ದ ರೋಗದ ಬೀಜಕಣಗಳೂ ಅಷ್ಟರಲ್ಲಿ ಸತ್ತಿರುತ್ತವೆ.

ಇದಕ್ಕಿಂತ ಸುಲಭ ದಾರಿ ಬೇಗ ಬರುವ ತಳಿ ಹಾಕುವುದು. ಏಪ್ರಿಲ್ ಮೊದಲಿಗೆ ಅರ್ಲಿ ಜಾತಿಯ ಗೆಡ್ಡೆ ನೆಟ್ಟರೆ ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ ಎಲ್ಲ ಕಿತ್ತು ಮನೆಗೆ ತಂದಿರುತ್ತೀರಿ, ಅಂಗಮಾರಿ ಬಂದರೂ ಏನೂ ಮಾಡಲಾರದು. ಶಾರ್ಲೆಟ್ ನನ್ನ ಮೆಚ್ಚಿನದು, ಸಿಪ್ಪೆ ಸಮೇತ ಬೇಯಿಸಿ ಒಗ್ಗರಣೆ ಹಾಕಿದರೆ ಸಾಕು. ಟೊಮ್ಯಾಟೊಗೂ ಇದೇ ರೋಗ ಬರುತ್ತದೆ. ಬಯಲಲ್ಲಿ ಹಾಕುವವರು ರೋಗ ತಡೆಯುವ ಕ್ರಿಮ್ಸನ್ ಕ್ರಷ್ ಥರದ ತಳಿ ನೋಡಿ. ಸನ್‌ಗೋಲ್ಡ್‌ನ ರುಚಿ ಬೇಕೆನ್ನುವವರು, ಬೇಕೇ ಬೇಕು ಅನ್ನುವ ರುಚಿ ಅದು, ಗ್ಲಾಸ್‌ಹೌಸಿನಲ್ಲಿ ಬೆಳೆಸಿ. ಸೆಪ್ಟೆಂಬರ್‌ನಲ್ಲಿ ಹಣ್ಣಾಗದೆ ಉಳಿದ ಕಾಯಿಗೆ ಇಂಗ್ಲಿಷರು ವಿನೆಗರ್ ಸಕ್ಕರೆ ಹಾಕಿ ಚಟ್ನಿ ಮಾಡುತ್ತಾರೆ. ನಾವು ಕಡ್ಲೆಕಾಯಿ ಬೀಜ, ಹಸಿಮೆಣಸಿನಕಾಯಿ ಹುರಿದು ರುಬ್ಬಿ ಮಾಡೋ ಚಟ್ನಿ ರೊಟ್ಟಿಗೆ ಎಷ್ಟು ಚೆನ್ನ ಅಲ್ವಾ?

ಹಣ್ಣಿನಲ್ಲಿ ರಾಸ್‌ಬೆರಿ, ಸ್ಟ್ರಾಬೆರಿ, ಬ್ಲ್ಯಾಕ್‌ಕರಂಟ್ ಎಲ್ಲ ಎಲ್ಲರಿಗೂ ಗೊತ್ತು. ಬಲೆ ಕಟ್ಟಿ, ಇಲ್ಲದಿದ್ದರೆ ಬ್ಲ್ಯಾಕ್‌ಬರ್ಡ್ ಹಕ್ಕಿಗಳಿಗೆ ಪೂರ್ತಿ. ನಾನು ಹೇಳಬೇಕೆಂದಿರುವುದು ನಮ್ಮವರು ಕಡೆಗಣಿಸುವ ಎರಡು ಹುಳಿಗಳ ಬಗ್ಗೆ.

ಒಂದು ಗೂಸ್‌ಬೆರಿ. ಮುಳ್ಳಿನ ಪೊದೆ, ಒಂದು ಸಲ ನೆಟ್ಟರೆ ಹತ್ತು ಹದಿನೈದು ವರ್ಷ ಕಾಯಿ ಬಿಡುತ್ತದೆ, ಜಾಸ್ತಿ ಆರೈಕೆಯೂ ಬೇಡ. ಇನ್ವಿಕ್ಟಾ ಒಳ್ಳೆಯ ತಳಿ. ಜೂನ್ ಮೊದಲಲ್ಲಿ ಕಾಯಿ ಇನ್ನೂ ಗಟ್ಟಿ, ಹುಳಿ ಇರುವಾಗ ಅರ್ಧದಷ್ಟು ಕಿತ್ತುಬಿಡಿ. ಉಳಿದರ್ಧ ದಪ್ಪ ಆಗಿ ಜುಲೈಗೆ ಸಿಹಿಯಾಗುತ್ತದೆ. ಮೊದಲು ಕಿತ್ತ ಹುಳಿ ಕಾಯನ್ನು ಸಣ್ಣಗೆ ಹೆಚ್ಚಿ, ಸಾಸಿವೆ ಇಂಗು ಕಡಲೆಬೇಳೆಯ ಒಗ್ಗರಣೆಯಲ್ಲಿ ಬಾಡಿಸಿ, ಅರಿಶಿನ ಉಪ್ಪು ಹಾಕಿ ಅನ್ನಕ್ಕೆ ಕಲಸಿ. ಮಾವಿನಕಾಯಿ ಚಿತ್ರಾನ್ನಕ್ಕೆ ಆಸೆಪಡುವ ತಿಂಗಳಲ್ಲೇ ಈ ಹುಳಿ ಕಾಯಿ ಸಿಗುವುದು. ಉಪ್ಪಿನಕಾಯಿಯೂ ಆಗುತ್ತದೆ. ಎಲೆ ತಿನ್ನುವ ಸಾಫ್ಲೈ ಹುಳ ಬಂದರೆ ಎರಡೇ ದಿನದಲ್ಲಿ ಪೊದೆ ಬರೀ ಕಡ್ಡಿ ಆಗಿರುತ್ತದೆ, ಮೇ ತಿಂಗಳಿಂದ ಪೊದೆಯ ನಡುವಿನ ಎಲೆಗಳನ್ನು ತಿರುವಿ ನೋಡುತ್ತಿರಿ, ಕಂಡರೆ ಕೈಯಲ್ಲೇ ಆರಿಸಿ ತೆಗೆಯಿರಿ.

ಇನ್ನೊಂದು ರುಬಾರ್ಬ್. ಯಾರ್ಕ್‌ಷೈರಿನ ವೇಕ್‌ಫೀಲ್ಡ್, ಲೀಡ್ಸ್ ಸುತ್ತಮುತ್ತ ಇದನ್ನು ಚಳಿಗಾಲದಲ್ಲಿ ಕತ್ತಲೆ ಕೊಟ್ಟಿಗೆಯೊಳಗೆ ಬೆಳೆಸಿ ಮೇಣದ ಬತ್ತಿ ಬೆಳಕಿನಲ್ಲಿ ಕೊಯ್ಯುವ ಪದ್ಧತಿ ಇದೆ, ನಮ್ಮ ಮೈಸೂರು ಮಲ್ಲಿಗೆಯ ಹೆಸರಿಗೆ ಸಿಕ್ಕ ರಕ್ಷಣೆಯಂಥದ್ದೇ ಅದಕ್ಕೂ 2010ರಲ್ಲಿ ಸಿಕ್ಕಿದೆ. ಅಲಾಟ್‌ಮೆಂಟಿನಲ್ಲಿ ನಮಗೆ ಸಿಗುವುದು ಬಯಲಿನ ರುಬಾರ್ಬ್, ಮಾರ್ಚ್‌ನಿಂದ ಜೂನ್ ಕೊನೆಯವರೆಗೆ. ಆಮೇಲೆ ಕೀಳುವುದನ್ನು ನಿಲ್ಲಿಸಿ, ಗಿಡ ಮುಂದಿನ ವರ್ಷಕ್ಕೆ ಶಕ್ತಿ ಕೂಡಿಸಿಕೊಳ್ಳಬೇಕು. ತಿನ್ನುವುದು ದಂಟು ಮಾತ್ರ, ಎಲೆ ವಿಷ. ಇಂಗ್ಲಿಷರು ಸಕ್ಕರೆ ಸುರಿದು ಕ್ರಂಬಲ್ ಅನ್ನುವ ಸಿಹಿ ಮಾಡುತ್ತಾರೆ. ಕಲಬುರಗಿ ಕಡೆಯ ನನ್ನ ಗೆಳತಿ ಒಬ್ಬಳು ಇದನ್ನು ತೊಗರಿಬೇಳೆ, ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪುಂಡಿಪಲ್ಯದ ಬದಲು ಮಾಡುತ್ತಾಳೆ. ಆ ಹುಳಿಗೆ ಇದು ಬಹಳ ಹತ್ತಿರ. ನಾನು ಬೆಲ್ಲ, ಮೆಂತ್ಯ, ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿ ಬಾಟಲಿ ತುಂಬಿಡುತ್ತೇನೆ.

ಹುಳಗಳಲ್ಲಿ ದೊಡ್ಡ ತಲೆನೋವು ಸ್ಲಗ್, ಚಿಪ್ಪಿಲ್ಲದ ಬಸವನಹುಳು. ಮಳೆ ಬಿದ್ದ ರಾತ್ರಿ ಒಂದು ಸಾಲು ಸಸಿ ಮಾಯವಾಗಿರುತ್ತದೆ. ಮೊದಲು ಬಳಸುತ್ತಿದ್ದ ಮೆಟಾಲ್ಡಿಹೈಡ್ ಅನ್ನುವ ವಿಷದ ಕಾಳುಗಳನ್ನು 2022ರ ಏಪ್ರಿಲ್‌ನಿಂದ ನಿಷೇಧಿಸಿದ್ದಾರೆ, ಹಕ್ಕಿ, ಮುಳ್ಳುಹಂದಿಯಂಥ ಹೆಜ್‌ಹಾಗ್‌ಗಳಿಗೆ ಅದು ಅಪಾಯ. ಹಳಬರ ಶೆಡ್ಡಿನಲ್ಲಿ ಡಬ್ಬಿ ಉಳಿದಿದ್ದರೂ ಬಳಸಬೇಡಿ. ನನ್ನ ದಾರಿ ಇಷ್ಟೇ. ಸಸಿಗಳನ್ನು ಮನೆಯಲ್ಲೇ ಗಟ್ಟಿ ಮಾಡಿ ನೆಡುವುದು, ಸಂಜೆ ನೀರು ಹಾಕದೆ ಬೆಳಗ್ಗೆ ಹಾಕುವುದು, ಮೂಲೆಯಲ್ಲಿ ಒಂದು ಹಳೇ ತೊಟ್ಟಿ ಹೂತು ಕಪ್ಪೆಗಳಿಗೆ ಜಾಗ ಮಾಡಿಕೊಡುವುದು. ಕಪ್ಪೆ ಬಂದ ಮೇಲೆ ಬಹಳ ವ್ಯತ್ಯಾಸ ಕಂಡಿದೆ. ಕೋಸು ಜಾತಿಗೆ ಪಾರಿವಾಳ ಮತ್ತು ಬಿಳಿ ಚಿಟ್ಟೆಯ ಕಾಟ, ಸಣ್ಣ ಕಣ್ಣಿನ ಬಲೆ ಬೇಕೇ ಬೇಕು. ಬಲೆಯೊಳಗೆ ನವಿಲುಕೋಸು ಹಾಕದಿದ್ದರೆ ನಷ್ಟ ನಿಮಗೇ, ಇಲ್ಲಿನ ತಂಪಿಗೆ ಅದು ಎಷ್ಟು ಎಳಸಾಗಿ ಬರುತ್ತದೆ ಅಂದರೆ ಹಸಿಯಾಗಿಯೇ ತಿನ್ನಬಹುದು.

ಹಗಲಿನ ಉದ್ದದ ವಿಷಯ ಇನ್ನೂ ಸ್ವಲ್ಪ ಬಾಕಿ ಇದೆ, ಇದು ಅವರೆಗೆ ಮಾತ್ರ ಅಲ್ಲ. ಈರುಳ್ಳಿ ಗೆಡ್ಡೆ ಕಟ್ಟುವುದೂ ಹಗಲಿನ ಲೆಕ್ಕದಲ್ಲೇ. ನಮ್ಮ ಕಡೆಯ ಈರುಳ್ಳಿ ತಳಿಗಳು 11, 12 ಗಂಟೆ ಹಗಲಿಗೆ ಗೆಡ್ಡೆ ಕಟ್ಟುವಂಥವು. ಅದನ್ನು ಇಲ್ಲಿ ವಸಂತದಲ್ಲಿ ಬಿತ್ತಿದರೆ ನಾಲ್ಕು ಎಲೆ ಬರುವಷ್ಟರಲ್ಲೇ ಗೆಡ್ಡೆ ಕಟ್ಟಲು ಹೊರಟು ಗೋಲಿ ಗಾತ್ರಕ್ಕೇ ನಿಂತುಬಿಡುತ್ತದೆ. ಇಲ್ಲಿನ ತಳಿಗಳು 14ರಿಂದ 16 ಗಂಟೆ ಹಗಲಿಗೆ ಕಾಯುವಂಥವು, ಮಾರ್ಚ್‌ನಲ್ಲಿ ನೆಟ್ಟರೆ ಆಗಸ್ಟ್‌ಗೆ ಮುಷ್ಟಿ ಗಾತ್ರ ಬರುತ್ತವೆ. ಕೊತ್ತಂಬರಿ, ಪಾಲಕ್ ಇದಕ್ಕೆ ಉಲ್ಟಾ. ಉದ್ದ ಹಗಲು ಕಂಡ ಕೂಡಲೇ ಹೂವಿಗೆ ಹೋಗುತ್ತವೆ, ಎಲೆ ಕೊಡುವುದಿಲ್ಲ. ಬಿಳಿ ಮೂಲಂಗಿಯೂ ಹಾಗೆಯೇ, ಮೇ ತಿಂಗಳಲ್ಲಿ ಬಿತ್ತಿದರೆ ಗೆಡ್ಡೆ ಬರುವ ಮೊದಲೇ ಹೂಗೊಂಚಲು ಏಳುತ್ತದೆ. ಜೂನ್ 21 ದಾಟಲಿ, ಹಗಲು ಇಳಿಯಲು ಶುರುವಾಗಲಿ. ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬಿತ್ತಿದ ಮೂಲಂಗಿ, ಕೊತ್ತಂಬರಿ, ಪಾಲಕ್ ಅಕ್ಟೋಬರ್ ಪೂರ್ತಿ ಊಟಕ್ಕೆ ಬರುತ್ತವೆ. ಆಲೂಗೆಡ್ಡೆ, ಬೆಳ್ಳುಳ್ಳಿ ಕಿತ್ತು ಖಾಲಿಯಾದ ಪಾತಿಗಳಿಗೆ ಇವೇ ಸರಿಯಾದ ಬೆಳೆ.

ಹೀರೆ, ಹಾಗಲ, ಪಡವಲ, ಬದನೆಗೆ ಮಾತ್ರ ಪಾಲಿಟನಲ್ ಬೇಕು. ಮೆಣಸಿನಕಾಯಿಯನ್ನು ಫೆಬ್ರವರಿಯಲ್ಲೇ ಮನೆಯ ಕಿಟಕಿಯ ಹತ್ತಿರ ಬಿತ್ತಿಕೊಳ್ಳಿ.

ಜಾಗ ಸಿಗೋದು ಹೇಗೆ ಅಂತ ಕೇಳುವವರಿಗೆ. ನಿಮ್ಮ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಅರ್ಜಿ ಇರುತ್ತದೆ. ಲಂಡನ್ನಿನ ಕೆಲವು ಕಡೆ ವರ್ಷಗಟ್ಟಲೆ ಕಾಯಬೇಕು, ಬೇರೆ ಊರುಗಳಲ್ಲಿ ಬೇಗ ಸಿಗಬಹುದು. ಅರ್ಜಿ ಹಾಕಿ ಸುಮ್ನೆ ಕೂರಬೇಡಿ, ಶನಿವಾರ ಬೆಳಗ್ಗೆ ಹತ್ತಿರದ ತೋಟದ ಗೇಟಿನ ಹತ್ತಿರ ಹೋಗಿ ಅಲ್ಲಿನವರ ಜೊತೆ ಮಾತಾಡಿ, ವಯಸ್ಸಾದವರು ಎಷ್ಟೋ ಜನ ಪ್ಲಾಟಿನ ಒಂದು ಭಾಗ ನೋಡಿಕೊಳ್ಳುವವರು ಸಿಕ್ಕರೆ ಸಾಕು ಅಂತ ಕಾಯುತ್ತಿರುತ್ತಾರೆ. ಮೊದಲ ಸಲ ಅರ್ಧ ಪ್ಲಾಟ್ ಕೇಳಿ. ಕಳೆ ತುಂಬಿದ ಜಾಗವೇ ಸಿಗುವುದು, ಬೈಂಡ್‌ವೀಡ್ ಬಳ್ಳಿಯ ಬಿಳಿ ಬೇರು ಒಂದು ಚೂರು ಉಳಿದರೂ ಚಿಗುರುತ್ತದೆ, ಹಾಗಾಗಿ ಟಿಲ್ಲರ್ ಹೊಡೆಸಬೇಡಿ, ಬೇರು ತುಂಡಾಗಿ ಇನ್ನೂ ಹಬ್ಬುತ್ತದೆ. ಕಾರ್ಡ್‌ಬೋರ್ಡ್ ಹಾಸಿ ಮೇಲೆ ಗೊಬ್ಬರ ಹಾಕಿ, ಒಂದೊಂದೇ ಪಾತಿ ಬಿಡಿಸಿಕೊಳ್ಳುತ್ತಾ ಹೋಗಿ. ಆಗಸ್ಟ್ ಮೊದಲ ವಾರ ಬೀಗದ ಕೈ ಸಿಕ್ಕರೂ ಆ ತಿಂಗಳೇ ಒಂದು ಪಾತಿ ಮೂಲಂಗಿ, ಒಂದು ಪಾತಿ ಮೆಂತ್ಯ ಬಿತ್ತಬಹುದು. ಬೀಜ ಬೇಕಾದರೆ ನನ್ನ ಹತ್ತಿರ ಇದೆ, ಕೇಳಿ.